‘ಮೋಹನಸ್ವಾಮಿ’, ಹಿಟ್ಟಿನ ಹುಂಜ ಮತ್ತು ರಾಜ್ಯದ ಕಾನೂನು

ಹೊಯ್ಸಳರ ಕಾಲದ ಜನ್ನಕವಿ ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಜೈನ ಮನೆಗಳಲ್ಲಿ ಮಕ್ಕಳಿಗೂ ಪರಿಚಿತವಾದುದು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಹುಂಜವನ್ನು ಬಲಿಕೊಡಲೊಪ್ಪದೆ, ಹಿಟ್ಟಿನಿಂದ ಮಾಡಿದ ಹುಂಜವನ್ನು ದೇವಿಯ ಮುಂದೆ ಕಡಿಯುತ್ತಾನೆ. ರಕ್ತ ಹರಿಯಲಿಲ್ಲ, ಒಂದು ಪ್ರಾಣವೂ ಹೋಗಲಿಲ್ಲ. ಆದರೂ ತಾಯಿ-ಮಗ ಇಬ್ಬರೂ ಭವಭವಗಳಲ್ಲಿ ತಿರ್ಯಂಚ ಜನ್ಮಗಳನ್ನು ತಾಳಿ ಅದರ ಫಲವನ್ನು ಉಣ್ಣಬೇಕಾಗುತ್ತದೆ. ಕೈಯಿಂದ ನಡೆದುದಕ್ಕಿಂತ ಮನಸ್ಸಿನಲ್ಲಿ ನಡೆದುದೇ ಹಿಂಸೆಯ ಮೂಲ ಎಂಬ ತತ್ತ್ವವನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕಾವ್ಯಗಳು ಅಪರೂಪ. ಸಂಕಲ್ಪ ಹಿಂಸೆಯ ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಈ ಕಾಲದ ಒಂದು ಕೃತಿಯನ್ನೂ ಒಂದು ತೀರ್ಪನ್ನೂ ಓದಿದರೆ ದೊರೆಯುವ ಅರ್ಥ ಏನು ಎಂಬುದು ಇಲ್ಲಿಯ ವಿಚಾರ. ಕೃತಿ, ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ (2013). ತೀರ್ಪು, ಸಲಿಂಗ ವಿವಾಹದ ಬಗ್ಗೆ ಭಾರತದ ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ನೀಡಿದುದು.

ವಿಷಯವು ಕೆಲವರಿಗೆ ಮುಜುಗರದ್ದಾಗಿ ತೋರಬಹುದು. ಧರ್ಮಪತ್ರಿಕೆಯಲ್ಲಿ ಇದಕ್ಕೆ ಸ್ಥಾನವೆಲ್ಲಿ ಎಂಬ ಪ್ರಶ್ನೆಯೂ ಬರಬಹುದು. ಆದರೆ ಕರ್ಮಸಿದ್ಧಾಂತವನ್ನು ವಿವರಿಸಿದ ಆಚಾರ್ಯರು ಮನುಷ್ಯನ ಕಾಮವಿಕಾರವನ್ನು ಕುರಿತು ಮಾತನಾಡಲು ಸಂಕೋಚಪಟ್ಟವರಲ್ಲ. ಮೋಹನೀಯ ಕರ್ಮದ ಭೇದಗಳನ್ನು ಎಣಿಸುವಾಗ ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆಗಳೊಡನೆ ಸ್ತ್ರೀವೇದ, ಪುರುಷವೇದ, ನಪುಂಸಕವೇದಗಳನ್ನೂ ಒಂಬತ್ತು ನೋಕಷಾಯಗಳೆಂದು ಅವರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಅವರು ನಿಸ್ಸಂಕೋಚವಾಗಿ ಹೇಳಿದುದನ್ನು ಇಂದಿನವರು ಸಂಕೋಚದಿಂದ ಮುಚ್ಚಿಡುವುದು ಶಾಸ್ತ್ರಕ್ಕೆ ತೋರುವ ಗೌರವವಾಗದು.

ಕೃತಿಯ ಒಳಗೆ

ವಸುಧೇಂದ್ರರು ಬಳ್ಳಾರಿ ಸೀಮೆಯ ಸಂಡೂರಿನವರು. ಬಹುಕಾಲ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದು, ‘ಛಂದ ಪುಸ್ತಕ’ ಪ್ರಕಾಶನವನ್ನು ನಡೆಸಿ, ಪ್ರಬಂಧ ಹಾಗೂ ಕಥೆಗಳಿಂದ ಕನ್ನಡಿಗರ ಮನೆಮಾತಾದವರು. ‘ಮೋಹನಸ್ವಾಮಿ’ ಬಂದಾಗ ಅವರು ಆಗಲೇ ಹೆಸರಾದ ಲೇಖಕರಾಗಿದ್ದರು. ಆ ಹೆಸರನ್ನೇ ಪಣವಾಗಿಟ್ಟು ಈ ಕೃತಿಯನ್ನು ಹೊರತಂದರು. ಈ ವಸ್ತುವಿನ ಕಥೆ ಮೊದಲು ಬೆಳಕು ಕಂಡದ್ದು ಗುಪ್ತನಾಮದಲ್ಲಿ. ಅದು ಸ್ವಂತ ಹೆಸರಿನ ಪುಸ್ತಕವಾಗಲು ವರ್ಷಗಳೇ ಹಿಡಿದವು. ಕನ್ನಡ ಸಮಾಜದಲ್ಲಿ ಈ ಮಾತಿಗೆ ಇದ್ದ ಬೆಲೆಯೆಷ್ಟು ಎಂಬುದಕ್ಕೆ ಆ ವಿಳಂಬವೇ ಸಾಕ್ಷಿ.

ಸಂಕಲನದ ಹಲವು ಕಥೆಗಳ ನಾಯಕ ಮೋಹನಸ್ವಾಮಿ. ಅವನ ಆಕರ್ಷಣೆ ಗಂಡಸರ ಕಡೆಗೆ. ಬಾಲ್ಯದಲ್ಲಿ ಸೈಕಲ್ ತುಳಿಯಲಾರದ ಅವನ ಅಳುಕು, ಓರಗೆಯವರ ಹಂಗಿಸುವ ಮಾತು, ಮನೆಯವರ ಕಣ್ಣಿನಲ್ಲಿ ಮೂಡುವ ಅನುಮಾನ ಇವೆಲ್ಲ ಸರಳವಾದ ಗದ್ಯದಲ್ಲಿ ಬರುತ್ತವೆ. ಮುಂದೆ ಅವನು ಪ್ರೀತಿಸಿದ ಕಾರ್ತಿಕ್ ಅವನನ್ನು ಬಿಟ್ಟು ಹೆಣ್ಣೊಬ್ಬಳನ್ನು ಮದುವೆಯಾಗುತ್ತಾನೆ. ಜೊತೆಗಾರ ಹಸೆಮಣೆ ಏರುವಾಗ ಮೋಹನಸ್ವಾಮಿಗೆ ಅಳುವ ಅಧಿಕಾರವೂ ಇಲ್ಲ. ಏಕೆಂದರೆ ಅವರಿಬ್ಬರ ನಡುವೆ ಇದ್ದ ಸಂಬಂಧಕ್ಕೆ ಲೋಕದಲ್ಲಿ ಹೆಸರೇ ಇಲ್ಲ. ಗಂಡ ಸತ್ತವಳಿಗೆ ವೈಧವ್ಯವೆಂಬ ಹೆಸರಾದರೂ ಉಂಟು. ಹೆಸರಿಲ್ಲದ ಬಂಧ ಹರಿದಾಗ ಸಂತಾಪ ಸೂಚಿಸಲು ಬರುವವರೂ ಇರುವುದಿಲ್ಲ.

ಈ ಕೃತಿಯ ಶಕ್ತಿ ಇರುವುದು ಅದು ನಾಯಕನನ್ನು ಸಂತನನ್ನಾಗಿ ಚಿತ್ರಿಸದಿರುವುದರಲ್ಲಿ. ಅವನಲ್ಲಿ ಈರ್ಷ್ಯೆಯಿದೆ, ಅಂಜುಬುರುಕುತನವಿದೆ, ಸ್ವನಿಂದೆಯಿದೆ. ಹೊರಗಿನವರ ತಿರಸ್ಕಾರ ವರ್ಷವರ್ಷವೂ ಒಳಗಿಳಿದು, ಕೊನೆಗೆ ಮನುಷ್ಯ ತನ್ನನ್ನೇ ತಿರಸ್ಕರಿಸಿಕೊಳ್ಳುವ ಕ್ರಮವನ್ನು ಲೇಖಕರು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತಾರೆ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ, ಜುಗುಪ್ಸೆಯೆಂಬ ನೋಕಷಾಯ ಒಬ್ಬರಿಂದ ಹೊರಟು ಮತ್ತೊಬ್ಬರ ಆತ್ಮಪ್ರದೇಶದಲ್ಲಿ ಬಂಧಕ್ಕೆ ನಿಮಿತ್ತವಾಗುವ ಕಥೆಯಿದು. ಹಂಗಿಸಿದವರಿಗೆ ತಾವು ಯಾರನ್ನೂ ಹಿಂಸಿಸಿದ ನೆನಪಿಲ್ಲ. ಅವರ ಪಾಲಿಗೆ ಅದು ಹಿಟ್ಟಿನ ಹುಂಜ.

ಕೃತಿಯ ಕೊರತೆಯನ್ನೂ ಹೇಳಬೇಕು. ಕಾರ್ತಿಕ್‌ನ ಕೈಹಿಡಿದು ಬರುವ ಹೆಣ್ಣಿನ ಅಂತರಂಗಕ್ಕೆ ಕಥೆ ಆಳವಾಗಿ ಹೊಗುವುದಿಲ್ಲ. ನೋವಿನ ಕೇಂದ್ರ ಮೋಹನಸ್ವಾಮಿಯಲ್ಲಿಯೇ ನಿಲ್ಲುತ್ತದೆ. ಆದರೆ ಸಂಗತಿಯನ್ನು ಪೂರ್ತಿಯಾಗಿ ಮುಚ್ಚಿಟ್ಟು ನಡೆಸಿದ ಮದುವೆಗಳಲ್ಲಿ ಅತಿ ಹೆಚ್ಚು ಬೆಲೆ ತೆರುವವಳು, ಏನನ್ನೂ ತಿಳಿಯದೆ ಬಂದ ಆ ಹೆಣ್ಣುಮಗಳೇ. ಮಗನ ಸ್ವಭಾವ ಗೊತ್ತಿದ್ದೂ ‘ಮದುವೆಯಾದರೆ ಸರಿಹೋಗುತ್ತಾನೆ’ ಎಂದು ಮತ್ತೊಬ್ಬರ ಮಗಳನ್ನು ಮನೆಗೆ ತರುವುದು ಅಸತ್ಯವೂ ಹೌದು, ಹಿಂಸೆಯೂ ಹೌದು. ಮಗಳ ಒಲವು ತಿಳಿದೂ ಅವಳನ್ನು ಧಾರೆಯೆರೆದು ಕೈತೊಳೆದುಕೊಳ್ಳುವುದೂ ಹಾಗೆಯೇ. ತತ್ತ್ವಾರ್ಥಸೂತ್ರವು ನಾಲ್ಕನೆಯ ಅಣುವ್ರತದ ಅತಿಚಾರಗಳಲ್ಲಿ ಪರವಿವಾಹಕರಣವನ್ನು, ಅಂದರೆ ಪರರ ಮದುವೆ ಮಾಡಿಸುವ ಉತ್ಸಾಹವನ್ನು ಎಣಿಸಿದೆ. ಸಂಬಂಧ ಕುದುರಿಸುವುದನ್ನೇ ಪುಣ್ಯಕಾರ್ಯವೆಂದು ಬಗೆದಿರುವ ಹಿರಿಯರು ಈ ಅತಿಚಾರವನ್ನು ಮತ್ತೊಮ್ಮೆ ಮನನ ಮಾಡುವುದು ಒಳ್ಳೆಯದು. ಲೇಖಕರು ಆ ವಧುವಿನ ಕಡೆಯಿಂದಲೂ ಒಂದು ಕಥೆ ಹೇಳಿದ್ದರೆ ಕೃತಿಯ ನೈತಿಕ ತೂಕ ಇನ್ನೂ ಹೆಚ್ಚುತ್ತಿತ್ತು.

ವೇದವಿಚಾರ

ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಲಿಂಗವನ್ನು ದ್ರವ್ಯಲಿಂಗ, ಭಾವಲಿಂಗ ಎಂದು ಎರಡಾಗಿ ವಿಂಗಡಿಸುತ್ತಾರೆ. ದೇಹರಚನೆ ನಾಮಕರ್ಮದ ಉದಯದಿಂದ. ಒಳಗಿನ ಕಾಮಾಭಿಲಾಷೆ ನೋಕಷಾಯದ ಉದಯದಿಂದ. ಎರಡರ ಕಾರಣಗಳೇ ಬೇರೆಯಾದುದರಿಂದ ಎರಡೂ ಸದಾ ಒಂದೇ ದಿಕ್ಕಿಗೆ ಹೋಗಬೇಕೆಂಬ ನಿಯಮವಿಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಇದನ್ನು ಇನ್ನೂ ಸ್ಪಷ್ಟಪಡಿಸಿದ್ದಾರೆ: ದ್ರವ್ಯವೇದ, ಭಾವವೇದಗಳು ಪ್ರಾಯಶಃ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗಿರುತ್ತವೆ. ಪುರುಷದೇಹದಲ್ಲಿ ಸ್ತ್ರೀವೇದದ ಉದಯವಿರಬಹುದು. ಸ್ತ್ರೀದೇಹದಲ್ಲಿ ಪುರುಷವೇದದ ಉದಯವಿರಬಹುದು. ಹತ್ತನೆಯ ಶತಮಾನದಲ್ಲಿ, ಶ್ರವಣಬೆಳಗೊಳದ ಪರಿಸರದಲ್ಲಿ, ಈ ಮಾತನ್ನು ಯಾವ ಗಾಬರಿಯೂ ಇಲ್ಲದೆ ಬರೆದಿಡಲಾಗಿದೆ.

ಮತ್ತೊಂದು ಸಂಗತಿ ಇನ್ನೂ ಗಮನಾರ್ಹ. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದ ‘ಷಟ್ಖಂಡಾಗಮ’ ಹಾಗೂ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ‘ಮನುಷ್ಯಿಣಿ’ಗೆ ಹದಿನಾಲ್ಕು ಗುಣಸ್ಥಾನಗಳೂ ಉಂಟೆಂಬ ಮಾತಿನ ಚರ್ಚೆಯಿದೆ. ದಿಗಂಬರ ಪರಂಪರೆ ಅದನ್ನು ಭಾವಸ್ತ್ರೀ ಎಂದು, ಅಂದರೆ ಪುರುಷದೇಹದಲ್ಲಿದ್ದು ಸ್ತ್ರೀವೇದದ ಉದಯವುಳ್ಳ ಜೀವವೆಂದು ಅರ್ಥೈಸಿತು. ಸ್ತ್ರೀಮುಕ್ತಿಯ ಬಗ್ಗೆ ಯಾಪನೀಯರಿಗೂ ದಿಗಂಬರರಿಗೂ ಇದ್ದ ಭಿನ್ನಾಭಿಪ್ರಾಯ ಪ್ರಸಿದ್ಧವಾದುದು. ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀನಿರ್ವಾಣವನ್ನು ಸಮರ್ಥಿಸಿ ಪ್ರಕರಣವನ್ನೇ ಬರೆದನು. ಆ ವಾದದ ಜಯಾಪಜಯ ಇಲ್ಲಿ ಮುಖ್ಯವಲ್ಲ. ಮುಖ್ಯವಾದುದು, ಸ್ತ್ರೀದೇಹಕ್ಕೆ ಮೋಕ್ಷದ ಬಾಗಿಲನ್ನು ಮುಚ್ಚಿದ ಪರಂಪರೆಯೇ ವಿಷಮವೇದದ ಜೀವಕ್ಕೆ ಅದನ್ನು ಮುಚ್ಚಲಿಲ್ಲವೆಂಬುದು. ವೇದೋದಯವು ಅಳಿಯುವುದು ಒಂಬತ್ತನೆಯ ಗುಣಸ್ಥಾನದಲ್ಲಿ. ಅಲ್ಲಿಯವರೆಗೆ ಸಂಸಾರಿ ಜೀವರೆಲ್ಲರೂ ಯಾವುದಾದರೊಂದು ವೇದದ ಹೊರೆಯನ್ನು ಹೊತ್ತವರೇ. ಹೊರೆಯ ಬಣ್ಣ ಬೇರೆಯೆಂಬ ಕಾರಣಕ್ಕೆ ಒಬ್ಬರು ಇನ್ನೊಬ್ಬರನ್ನು ಹೀಗಳೆಯುವುದಕ್ಕೆ ಅಲ್ಲಿ ಎಡೆಯಿಲ್ಲ.

ಇಷ್ಟರಿಂದ ಶಾಸ್ತ್ರವು ಸಲಿಂಗ ಸಂಬಂಧವನ್ನು ಕೊಂಡಾಡಿತೆಂದು ಹೇಳಿದರೆ ಅದು ಶಾಸ್ತ್ರಕ್ಕೆ ಮಾಡುವ ಅಪಚಾರ. ಪುರುಷವೇದ ಹುಲ್ಲಿನ ಬೆಂಕಿ, ಸ್ತ್ರೀವೇದ ಬೆರಣಿಯ ಬೆಂಕಿ, ನಪುಂಸಕವೇದ ಇಟ್ಟಿಗೆ ಗೂಡಿನ ಬೆಂಕಿ ಎಂದು ‘ಗೊಮ್ಮಟಸಾರ’ ಹೋಲಿಸುತ್ತದೆ. ಮೂರೂ ಬೆಂಕಿಯೇ, ಮೂರೂ ಸುಡುವಂಥವೇ. ಜಿನಶಾಸನದ ಗುರಿ ಬೆಂಕಿಯನ್ನು ಆರಿಸುವುದು. ಆರಿಸಲಾಗದ ಗೃಹಸ್ಥನಿಗೆ ಅದನ್ನು ಒಲೆಯೊಳಗೆ ಇಡುವ ಕ್ರಮವನ್ನು ಅದು ಕಲಿಸಿತು. ಆ ಒಲೆಯೇ ಸ್ವದಾರಸಂತೋಷ ವ್ರತ. ಒಬ್ಬ ಸಂಗಾತಿಯಲ್ಲಿ ತೃಪ್ತಿ, ಉಳಿದೆಡೆ ವಿರತಿ. ಈ ಹಂತದಲ್ಲಿಯೇ ಧರ್ಮದ ಪ್ರಶ್ನೆ ಕಾನೂನಿನ ಪ್ರಶ್ನೆಯನ್ನು ಸಂಧಿಸುತ್ತದೆ.

ತೀರ್ಪಿನ ವಿಮರ್ಶೆ

ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ದಂಡಸಂಹಿತೆಯ 377ನೆಯ ಕಲಮಿನ ಭಾಗವನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ಅಸಿಂಧುಗೊಳಿಸಿತು. ಅದಕ್ಕೆ ತಳಹದಿಯಾದುದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ 2017ರ ತೀರ್ಪು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅಪರಾಧದ ಕಳಂಕ ಹೋದ ಮೇಲೆ, ಬಂಧಕ್ಕೆ ಕಾನೂನಿನ ಮಾನ್ಯತೆ ಬೇಕೆಂಬ ಅರ್ಜಿಗಳು ಬಂದವು. ಐವರು ನ್ಯಾಯಮೂರ್ತಿಗಳ ಪೀಠ 2023ರಲ್ಲಿ ಅವುಗಳನ್ನು ತೀರ್ಮಾನಿಸಿತು.

ವಿವಾಹವಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂಬಲ್ಲಿ ಐವರೂ ಒಂದಾದರು. ವಿಶೇಷ ವಿವಾಹ ಕಾಯಿದೆಯನ್ನು ನ್ಯಾಯಾಲಯವೇ ತಿದ್ದಿ ಬರೆಯಲಾಗದೆಂಬಲ್ಲಿಯೂ ಒಂದಾದರು. ಮದುವೆಗಿಂತ ಕಿರಿದಾದ ನಾಗರಿಕ ಸಹಬಂಧವೊಂದಕ್ಕೆ ಹಕ್ಕುಂಟೇ ಎಂಬಲ್ಲಿ ಮಾತ್ರ ಮತ ಒಡೆಯಿತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎಸ್.ಕೆ. ಕೌಲ್ ಉಂಟೆಂದರು. ನ್ಯಾಯಮೂರ್ತಿಗಳಾದ ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಇಲ್ಲವೆಂದರು. ಪುನರ್ವಿಮರ್ಶೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಬಹುಮತದ ತೀರ್ಪಿನ ತರ್ಕಕ್ಕೆ ತನ್ನದೇ ಆದ ಗಾಂಭೀರ್ಯವಿದೆ. ಶಾಸನಸಭೆ ಮಾಡಬೇಕಾದುದನ್ನು ನ್ಯಾಯಾಲಯ ಮಾಡತೊಡಗಿದರೆ ಅಧಿಕಾರ ವಿಭಜನೆಗೆ ಅರ್ಥ ಉಳಿಯದೆಂಬ ಎಚ್ಚರಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಬ್ಬರು ಕೂಡಿ ಬಾಳುವ ಸ್ವಾತಂತ್ರ್ಯವನ್ನು ಒಪ್ಪಿ, ಆ ಬಾಳುವೆಗೆ ಕಾನೂನಿನ ಆಸರೆ ಕೊಡುವ ಕರ್ತವ್ಯ ಪ್ರಭುತ್ವಕ್ಕಿಲ್ಲ ಎಂದಾಗ, ಆ ಸ್ವಾತಂತ್ರ್ಯ ಬಾಗಿಲಿಲ್ಲದ ಮನೆಯಂತಾಗುತ್ತದೆ. ವಿವಾಹವು ಪ್ರಭುತ್ವಕ್ಕಿಂತ ಹಿಂದಿನ ಸಾಮಾಜಿಕ ಸಂಸ್ಥೆ, ಅದು ಹೇಗಿತ್ತೋ ಹಾಗೆಯೇ ಕಾನೂನು ಸ್ವೀಕರಿಸಿದೆ ಎಂಬ ವಾದವೂ ಪೂರ್ಣ ಸತ್ಯವಲ್ಲ. ಬಾಲ್ಯವಿವಾಹ, ಬಹುಪತ್ನೀತ್ವಗಳೂ ಪ್ರಭುತ್ವಕ್ಕಿಂತ ಹಿಂದಿನವೇ. ಅವುಗಳನ್ನು ಕಾನೂನು ಇದ್ದಂತೆಯೇ ಬಿಡಲಿಲ್ಲ.

ಈ ಮಾತು ಜೈನ ಓದುಗರಿಗೆ ಹೊಸತೆನಿಸದು. ಜಿನಸೇನರ ‘ಆದಿಪುರಾಣ’ವನ್ನೂ ಪಂಪನ ‘ಆದಿಪುರಾಣ’ವನ್ನೂ ಬಲ್ಲವರಿಗೆ ಭೋಗಭೂಮಿಯಲ್ಲಿ ಯುಗಳಗಳಾಗಿ ಹುಟ್ಟಿದವರೇ ದಂಪತಿಗಳಾಗಿ ಬಾಳುತ್ತಿದ್ದ ವ್ಯವಸ್ಥೆ ಗೊತ್ತು. ಕಲ್ಪವೃಕ್ಷಗಳು ಕ್ಷೀಣಿಸಿ ಕಾಲ ತಿರುಗಿದಾಗ ವೃಷಭನಾಥನು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಉಪದೇಶಿಸಿದನು. ಲೋಕವ್ಯವಹಾರ ಹೊಸ ರೀತಿಗೆ ಬಂದಿತು. ಅಹಿಂಸೆ ಕಾಲದೊಡನೆ ಬದಲಾಗುವುದಿಲ್ಲ, ವ್ಯವಸ್ಥೆ ಬದಲಾಗುತ್ತದೆ. ನಿಶ್ಚಯ-ವ್ಯವಹಾರಗಳ ಈ ವಿವೇಕವನ್ನು ಅರಿತ ಪರಂಪರೆಗೆ ವ್ಯವಸ್ಥೆಯ ಬದಲಾವಣೆಯ ಪ್ರಸ್ತಾಪ ಬಂದೊಡನೆಯೇ ಬೆದರುವ ಕಾರಣವಿಲ್ಲ.

ಈ ಬೇಡಿಕೆ ನಗರವಾಸಿ ಗಣ್ಯರ ಚಿಂತನೆಯೆಂದು ಕೇಂದ್ರ ಸರ್ಕಾರ ವಿಚಾರಣೆಯ ಕಾಲದಲ್ಲಿ ಹೇಳಿತ್ತು. ‘ಮೋಹನಸ್ವಾಮಿ’ ಹೊರಬಂದ ಮೇಲೆ ನಾಡಿನ ಹಲವೆಡೆಗಳಿಂದ ಓದುಗರು ತಮ್ಮನ್ನು ಹುಡುಕಿಕೊಂಡು ಮಾತನಾಡಿದ ಸಂಗತಿಯನ್ನು ವಸುಧೇಂದ್ರರು ಸಂದರ್ಶನಗಳಲ್ಲಿ ತಿಳಿಸಿದ್ದಾರೆ. ಕನ್ನಡದಲ್ಲಿ ಬರೆದ ಕಥೆಯನ್ನು ಓದಿ ಕನ್ನಡದಲ್ಲಿಯೇ ಅಳುವವರನ್ನು ನಗರದ ಗಣ್ಯರೆಂದು ಬದಿಗೆ ಸರಿಸುವುದು ಕಷ್ಟ. ವೇದೋದಯ ಪಟ್ಟಣ-ಹಳ್ಳಿಗಳನ್ನು ನೋಡಿ ಬರುವುದೂ ಅಲ್ಲ.

ರಾಜ್ಯದ ಮಟ್ಟದಲ್ಲಿ ಏನು ಸಾಧ್ಯ

ಚರ್ಚೆಯ ಗದ್ದಲದಲ್ಲಿ ಮರೆಗೆ ಸರಿದ ಒಂದು ಅಂಶವುಂಟು. ವಿವಾಹ, ವಿಚ್ಛೇದನ, ದತ್ತಕ, ಉಯಿಲು, ಉತ್ತರಾಧಿಕಾರ ಇವು ಸಂವಿಧಾನದ ಸಮವರ್ತಿ ಪಟ್ಟಿಯ 5ನೆಯ ನಮೂದಿನಲ್ಲಿವೆ. ಕೇಂದ್ರದ ಶಾಸನವಿಲ್ಲದೆಡೆ ರಾಜ್ಯ ಶಾಸನಸಭೆಗಳು ಕಾನೂನು ಮಾಡಬಹುದೆಂಬುದನ್ನು ಮುಖ್ಯ ನ್ಯಾಯಮೂರ್ತಿಗಳು ತಮ್ಮ ಅಭಿಪ್ರಾಯದಲ್ಲಿ ನೆನಪಿಸಿದ್ದಾರೆ. ಕೇಂದ್ರದ ಕಾಯಿದೆಗೆ ವಿರುದ್ಧವಾದರೆ 254ನೆಯ ವಿಧಿಯಂತೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು, ಅದು ಸುಲಭವಲ್ಲ. ವಿಚಾರಣೆಯ ಸಮಯದಲ್ಲಿ ಕೇಂದ್ರವು ರಾಜ್ಯಗಳ ಅಭಿಪ್ರಾಯ ಕೇಳಿದಾಗ ರಾಜಸ್ಥಾನ, ಆಂಧ್ರಪ್ರದೇಶ, ಅಸ್ಸಾಂ ವಿರೋಧ ಸೂಚಿಸಿದ್ದೂ ಉಂಟು. ಆದರೂ ದಾರಿ ಮುಚ್ಚಿಲ್ಲ.

ಈ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಪಡುವ ಪೂರ್ವನಿದರ್ಶನಗಳಿವೆ. ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆಯನ್ನು ಮೈಸೂರು ಸಂಸ್ಥಾನ ತಂದದ್ದು 1933ರಲ್ಲಿ, ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ವರ್ಷದಲ್ಲಿಯೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದಿತು. ಕೇಂದ್ರ ಆ ಮಾತಿಗೆ ಬಂದದ್ದು 2005ರಲ್ಲಿ. ಲಿಂಗಪರಿವರ್ತಿತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಸಮತಲ ಮೀಸಲಾತಿಯನ್ನು ದೇಶದಲ್ಲಿ ಮೊದಲಿಗೆ 2021ರಲ್ಲಿ ಕಲ್ಪಿಸಿದ್ದೂ ಕರ್ನಾಟಕವೇ. ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು 2023ರ ನವೆಂಬರ್‌ನಲ್ಲಿ, ಕೌಟುಂಬಿಕ ಸಹಬಂಧ ಪತ್ರವೊಂದನ್ನು ನೋಂದಾಯಿಸುವ ಪ್ರಸ್ತಾಪವನ್ನು ಪರಿಶೀಲಿಸುವಂತೆ ಸರ್ಕಾರಕ್ಕೆ ಸೂಚಿಸಿದರು. ಅದೇ ನ್ಯಾಯಾಲಯ 2025ರ ಮೇ ತಿಂಗಳಿನಲ್ಲಿ, ಕುಟುಂಬ ಕಟ್ಟಲು ವಿವಾಹವೊಂದೇ ದಾರಿಯಲ್ಲವೆಂದು ಹೇಳಿತು. ಹೊರನಾಡುಗಳಲ್ಲಿಯೂ ಈ ಬದಲಾವಣೆ ಒಮ್ಮೆಗೇ ಬರಲಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯ 2000ದಲ್ಲಿ ಸಹಬಂಧಕ್ಕೆ, ಮ್ಯಾಸಚೂಸೆಟ್ಸ್ ರಾಜ್ಯ 2004ರಲ್ಲಿ ವಿವಾಹಕ್ಕೆ ಮಾನ್ಯತೆ ನೀಡಿದವು. ಇಡೀ ದೇಶಕ್ಕೆ ಅದು ಅನ್ವಯಿಸಿದ್ದು 2015ರಲ್ಲಿ.

ಮಾನ್ಯತೆಯೆಂದರೆ ಮೆರವಣಿಗೆಯೆಂದು ಭಾವಿಸುವವರಿಗೆ ಒಂದು ಉದಾಹರಣೆ ಸಾಕು. ಮಂಡ್ಯ ನಗರಕ್ಕೆ ಸೇರಿಹೋಗಿರುವ ಗುತ್ತಲಿನ ಒಂದು ಬಾಡಿಗೆ ಮನೆಯಲ್ಲಿ ಇಬ್ಬರು ಹೆಂಗಸರು ಇಪ್ಪತ್ತು ವರ್ಷ ಕೂಡಿ ಬಾಳಿದ್ದಾರೆಂದು ಊಹಿಸಿಕೊಳ್ಳಬಹುದು. ಒಬ್ಬಳು ಶಾಲೆಯ ಶಿಕ್ಷಕಿ, ಮತ್ತೊಬ್ಬಳು ಮನೆಯಲ್ಲಿಯೇ ಹೊಲಿಗೆ ಮಾಡುವವಳು. ಶಿಕ್ಷಕಿ ಉಯಿಲು ಬರೆಯದೆ ತೀರಿಕೊಂಡರೆ, ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವಳ ಉಳಿತಾಯ ಎಂದೂ ಮನೆಗೆ ಕಾಲಿಡದ ದೂರದ ಬಂಧುವಿಗೆ ಹೋದೀತು. ಬಂಧುವೇ ಇಲ್ಲದಿದ್ದರೆ ಸರ್ಕಾರಕ್ಕೆ ಸೇರೀತು. ಇಪ್ಪತ್ತು ವರ್ಷ ಗಂಜಿ ಕಾಯಿಸಿ ಕೊಟ್ಟವಳಿಗೆ ಒಂದು ಪೈಸೆಯೂ ಸಿಗದು. ಕುಟುಂಬ ಪಿಂಚಣಿಯೂ ಇಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದ ಸೂಚನೆಗಳಿಂದ ಕೆಲವು ತೊಡಕು ಸಡಿಲಾಗಿವೆ: ಇಂಥ ಜೊತೆಗಾರರನ್ನು ಪಡಿತರ ಚೀಟಿಯಲ್ಲಿ ಒಂದೇ ಕುಟುಂಬವೆಂದು ಎಣಿಸಬೇಕು, ಅವರು ಜಂಟಿ ಬ್ಯಾಂಕ್ ಖಾತೆ ತೆರೆದು ಪರಸ್ಪರ ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲ, ಹತ್ತಿರದ ಬಂಧುಗಳಿಲ್ಲದಾಗ ಶವವನ್ನು ಜೊತೆಗಾರರು ಪಡೆಯಬಹುದು. ಆದರೆ ಇವು ಸೂಚನೆಗಳು, ಹಕ್ಕುಗಳಲ್ಲ. ಪಡಿತರ ಚೀಟಿಯನ್ನು ಬರೆದುಕೊಡುವುದು ರಾಜ್ಯದ ಇಲಾಖೆ. ತಾಲ್ಲೂಕು ಕಚೇರಿಯ ಮೇಜಿನ ಆಚೆ ಕುಳಿತವರಿಗೆ ಆ ಸೂಚನೆಯ ಅರಿವು ಇರಬೇಕು, ಮನಸ್ಸೂ ಇರಬೇಕು. ರಾಜ್ಯದ ಶಾಸನವಿದ್ದರೆ ಅವರ ಮನಸ್ಸನ್ನು ನೆಚ್ಚಬೇಕಾದ ಅಗತ್ಯವಿರುವುದಿಲ್ಲ.

ಕಾನೂನಿನ ಹೊರಗೆ ನಿಲ್ಲುವುದೆಂದರೇನೆಂಬುದನ್ನು ಜೈನ ಸಮಾಜವೂ ಈಚೆಗೆ ಒಮ್ಮೆ ಕಂಡಿದೆ. ಜೈನರು 2014ರಿಂದ ರಾಷ್ಟ್ರೀಯ ಅಲ್ಪಸಂಖ್ಯಾತರೆಂಬ ಕಾರಣ ಮುಂದಿಟ್ಟು, ಹಿಂದೂ ವಿವಾಹ ಕಾಯಿದೆ ಅವರಿಗೆ ಅನ್ವಯಿಸದೆಂದು ಇಂದೋರಿನ ಕುಟುಂಬ ನ್ಯಾಯಾಲಯ 2025ರಲ್ಲಿ ಅರ್ಜಿಯೊಂದನ್ನು ತಿರಸ್ಕರಿಸಿತು. ಕಾಯಿದೆಯ ಪಠ್ಯದಲ್ಲಿಯೇ ಜೈನರ ಹೆಸರಿರುವುದರಿಂದ ಮಧ್ಯಪ್ರದೇಶ ಉಚ್ಚ ನ್ಯಾಯಾಲಯ ಮಾರ್ಚ್ ತಿಂಗಳಿನಲ್ಲಿ ಅದನ್ನು ಸರಿಪಡಿಸಿತು. ‘ಈ ಬಾಗಿಲು ನಿಮ್ಮದಲ್ಲ’ ಎಂಬ ಮಾತು ಕೆಲವು ವಾರ ಮಾತ್ರ ಕೇಳಿಬಂದರೂ ಎಷ್ಟು ಕಳವಳವಾಯಿತು! ಅದನ್ನೇ ಬದುಕಿಡೀ ಕೇಳುವವರ ಸ್ಥಿತಿಯನ್ನು ಊಹಿಸಲು ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಆಕ್ಷೇಪಗಳು

ಶ್ರದ್ಧಾವಂತರ ಆಕ್ಷೇಪಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು, ಮಾನ್ಯತೆ ಕೊಟ್ಟರೆ ವಾಸನೆಗೆ ಪ್ರೋತ್ಸಾಹ ಕೊಟ್ಟಂತೆ ಎಂಬುದು. ವಾಸ್ತವದಲ್ಲಿ ವ್ರತಕ್ಕೆ ಮರ್ಯಾದೆಯ ಗೆರೆ ಬೇಕು. ಸ್ವದಾರಸಂತೋಷವು ‘ಸ್ವದಾರ’ವೆಂದು ಗುರುತಿಸಬಹುದಾದ ಸಂಗಾತಿಯನ್ನು ನಿರೀಕ್ಷಿಸುತ್ತದೆ. ಒಬ್ಬರಿಗೇ ನಿಷ್ಠರಾಗಿರುತ್ತೇವೆಂದು ನಾಲ್ವರ ಮುಂದೆ ಒಪ್ಪಿಕೊಳ್ಳಲು ಬಂದವರನ್ನು ಹಿಂದಕ್ಕೆ ಕಳಿಸಿ, ಬಳಿಕ ಅವರು ಮರ್ಯಾದೆಯಿಲ್ಲದವರೆಂದು ದೂರುವುದು ನ್ಯಾಯವಲ್ಲ. ಬಚ್ಚಿಟ್ಟ ಬೆಂಕಿಗಿಂತ ಒಲೆಯೊಳಗಿನ ಬೆಂಕಿ ಲೇಸು. ಪರಿಮಿತಿಯೇ ಅಣುವ್ರತದ ಜೀವಾಳ. ಕಾನೂನಿನ ನೋಂದಣಿ ಆ ಪರಿಮಿತಿಗೆ ಲೋಕದ ಸಾಕ್ಷಿ.

ಎರಡನೆಯದು ವಂಶದ ಪ್ರಶ್ನೆ. ಮದುವೆಯ ಉದ್ದೇಶ ಸಂತಾನವೆಂಬುದು ಲೋಕದ ರೂಢಿ. ಆದರೆ ಮಕ್ಕಳಿಲ್ಲದ ದಂಪತಿಗಳ ಮದುವೆಯನ್ನು ಯಾರೂ ಅಸಿಂಧುವೆನ್ನುವುದಿಲ್ಲ. ಪಿಂಡ ಹಾಕಲು ಪುತ್ರ ಬೇಕೆಂಬ ನಂಬಿಕೆಯನ್ನು ಜೈನ ಆಚಾರ್ಯರು ಎಂದೂ ಒಪ್ಪಲಿಲ್ಲ; ಜೀವದ ಗತಿ ಅದರದರ ಕರ್ಮಕ್ಕೆ ಅಧೀನವೆಂಬುದೇ ಅವರ ಉತ್ತರ. ಸಮಾಜದ ಸಂಖ್ಯೆ ಕುಗ್ಗುತ್ತಿದೆಯೆಂಬ ಕಳವಳ ನಿಜವಾದುದೇ. ಆದರೆ ಒಲ್ಲದ ಮದುವೆಗಳಿಂದ ಅದು ಬೆಳೆಯದು.

ಮೂರನೆಯದು, ಧರ್ಮಸಂಸ್ಥೆಗಳ ಮೇಲೆ ಒತ್ತಡ ಬರಬಹುದೆಂಬ ಭಯ. ಬಸದಿಯಲ್ಲಿ ವಿಧಿ ನಡೆಸಲೇಬೇಕಾಗುತ್ತದೆಯೇ ಎಂದು ಧರ್ಮದರ್ಶಿಗಳು ಕೇಳುವುದು ಸಹಜ. ನಾಗರಿಕ ನೋಂದಣಿ ಬೇರೆ, ಧಾರ್ಮಿಕ ವಿಧಿ ಬೇರೆ. ವಿಶೇಷ ವಿವಾಹ ಕಾಯಿದೆ 1954ರಿಂದಲೂ ಇದೆ. ಅದರಡಿಯಲ್ಲಿ ನೋಂದಣಿಯಾದ ಅಂತರ್ಧರ್ಮೀಯ ವಿವಾಹಗಳಿಗೆ ಯಾವ ಬಸದಿಯೂ ಮಂಟಪ ಒದಗಿಸಲೇಬೇಕಾದ ಕಟ್ಟಳೆ ಬರಲಿಲ್ಲ. ರಾಜ್ಯ ಶಾಸನ ಮಾಡುವಾಗ ಈ ಭೇದವನ್ನು ಅಕ್ಷರರೂಪದಲ್ಲಿಯೇ ಬರೆದಿಡಬಹುದು. ಆ ಭೇದವನ್ನು ಕೇಳುವುದು ಸಂಸ್ಥೆಗಳ ಹಕ್ಕು. ಅದರ ನೆಪದಲ್ಲಿ ಅನ್ಯರ ಆಸ್ಪತ್ರೆ, ಪಡಿತರ, ಪಿಂಚಣಿಗಳಿಗೆ ಅಡ್ಡನಿಲ್ಲುವುದು ಹಕ್ಕಲ್ಲ.

ಮನೆ ಮತ್ತು ಬಸದಿ

ಶಾಸನ ಎಂದು ಬರುವುದೋ, ಬರುವುದೇ ಇಲ್ಲವೋ, ಅದು ವಿಧಾನಸೌಧದ ಮಾತು. ಅದಕ್ಕೆ ಕಾಯದೆ ಆಗಬಹುದಾದುವು ಮನೆಗಳಲ್ಲಿವೆ, ಬಸದಿಗಳಲ್ಲಿವೆ. ಮಗ ಅಥವಾ ಮಗಳು ಮದುವೆ ಬೇಡವೆಂದಾಗ ಕಾರಣ ಕೇಳುವ ತಾಳ್ಮೆ. ಕೇಳಿದ ಮೇಲೆ ಹೊಡೆತ, ದಿಗ್ಬಂಧನ, ಮಂತ್ರವಾದಿ, ‘ಸರಿಪಡಿಸುವ’ ಚಿಕಿತ್ಸೆಗಳಿಂದ ದೂರವಿರುವ ವಿವೇಕ. ಸತ್ಯ ತಿಳಿದೂ ಮತ್ತೊಂದು ಮನೆಯ ಮಗಳಿಗೆ ಅಥವಾ ಮಗನಿಗೆ ಮೋಸ ಮಾಡದ ಪ್ರಾಮಾಣಿಕತೆ. ಇವಕ್ಕೆ ಯಾವ ಕಾಯಿದೆಯೂ ಬೇಡ. ಉಯಿಲು ಬರೆಯಲು, ವಿಮೆ ಮತ್ತು ಬ್ಯಾಂಕಿನಲ್ಲಿ ನಾಮನಿರ್ದೇಶನ ಮಾಡಲು ಇಂದಿನ ಕಾನೂನಿನಲ್ಲಿಯೇ ಅವಕಾಶವಿದೆ. ಸಮಾಜದ ವಕೀಲರು ಅದನ್ನು ಸದ್ದಿಲ್ಲದೆ ಮಾಡಿಸಿಕೊಡಬಹುದು. ಯಾತ್ರೆಗೆ ಬಂದ ಇಬ್ಬರಿಗೆ ಧರ್ಮಶಾಲೆಯಲ್ಲಿ ಕೋಣೆ ಕೊಡುವಾಗ ಸಂಬಂಧವನ್ನು ಕೆದಕದಿರುವುದಕ್ಕೆ ಟ್ರಸ್ಟಿನ ಒಂದು ನಿರ್ಣಯ ಸಾಕು.

ಮಂಡ್ಯ ಜಿಲ್ಲೆಯ ನೆಲದಲ್ಲಿ ಈ ಧರ್ಮದ ಗುರುತುಗಳು ಹಳೆಯವು. ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯೂ ಬ್ರಹ್ಮದೇವರ ಕಂಬವೂ ಇವೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿ ನಿಂತಿದ್ದಾನೆ. ಅಣ್ಣನ ಮೇಲೆ ಗೆಲುವು ಕೈಗೆ ಬಂದ ಗಳಿಗೆಯಲ್ಲಿ ಎತ್ತಿದ ಕೈಯನ್ನು ಇಳಿಸಿದವನು ಅವನು. ಬಲವುಳ್ಳವನು ತನ್ನ ಬಲವನ್ನು ಬಳಸದೆ ಬಿಡುವುದೇ ಆ ಮೂರ್ತಿಯ ಅರ್ಥವಾದರೆ, ಸಂಖ್ಯೆಯ ಬಲ, ಹಿರಿತನದ ಬಲ, ಮನೆಯ ಯಜಮಾನಿಕೆಯ ಬಲ ಇವುಗಳಿಗೂ ಆ ಅರ್ಥ ಸಲ್ಲಬೇಕು.

ಪರ್ಯುಷಣದ ಕೊನೆಗೆ ಕ್ಷಮಾವಣಿಯ ದಿನ ಮನೆಮನೆಗಳಲ್ಲಿ ಕ್ಷಮೆ ಬೇಡುವ ಮಾತು ಕೇಳಿಬರುತ್ತದೆ. ಅರಿತೋ ಅರಿಯದೆಯೋ ನೋಯಿಸಿದ್ದರೆ ಮನ್ನಿಸಬೇಕೆಂದು ಎಲ್ಲ ಜೀವರನ್ನೂ ಕೇಳಿಕೊಳ್ಳಲಾಗುತ್ತದೆ. ಹಲವು ಮನೆಗಳಲ್ಲಿ ಆ ದಿನ ದೂರವಾಣಿ ಮಾಡಬೇಕಾದ ಒಂದು ಸಂಖ್ಯೆ ಉಳಿದೇ ಹೋಗಿರುತ್ತದೆ: ಮದುವೆ ಒಲ್ಲೆನೆಂದು ಊರು ಬಿಟ್ಟ ತಮ್ಮನದು, ‘ಅವಳ ಹೆಸರೆತ್ತಬೇಡಿ’ ಎಂದು ಹಿರಿಯರು ಹೇಳಿದ ಅತ್ತೆಯದು. ‘ಮೋಹನಸ್ವಾಮಿ’ಯನ್ನು ಓದಿ ಮುಗಿಸಿದ ಶ್ರಾವಕನಿಗೆ ಆ ಸಂಖ್ಯೆ ನೆನಪಾದರೆ, ಕನ್ನಡದ ಈ ಕೃತಿ ತನ್ನ ಕೆಲಸವನ್ನು ಮಾಡಿದಂತೆ.